ಬೆರಗು ಮತ್ತು ಅದರ ಕೀಲು

1915ರಲ್ಲಿ ಕಾರ್ಲ್ ಲೆಮ್ಲೆಯವರು ಕ್ಯಾಲಿಫೋರ್ನಿಯದಲ್ಲಿ ಯೂನಿವರ್ಸಲ್ ಚಿತ್ರನಗರಿಯನ್ನು ತೆರೆದಾಗ, 25 ಸೆಂಟು ತೆತ್ತವರು ಮೂಕಚಿತ್ರಗಳ ಚಿತ್ರೀಕರಣವನ್ನೇ ಕಣ್ಣಾರೆ ಕಾಣುತ್ತಿದ್ದರು. ವಾಕ್ಚಿತ್ರಗಳು ಬಂದು ಸದ್ದು ನಿಷಿದ್ಧವಾಗಲು ಆ ಅವಕಾಶ ನಿಂತಿತು. 1964ರಲ್ಲಿ ಟ್ರಾಮ್ ಪ್ರವಾಸವಾಗಿ ಮರಳಿತು. ಅದೇ ಸಂಸ್ಥೆಯು ಫ್ಲಾರಿಡದ ಆರ್ಲಾಂಡೊದಲ್ಲಿ 2025ರ ಮೇ 22ರಂದು ತೆರೆದ 'ಎಪಿಕ್ ಯೂನಿವರ್ಸ್' ಉದ್ಯಾನದಲ್ಲಿ, ಹ್ಯಾರಿ ಪಾಟರ್ ಚಿತ್ರಗಳ ಮಂತ್ರವಿದ್ಯಾ ಸಚಿವಾಲಯದ ಲಿಫ್ಟಿನಂಥ ಪೆಟ್ಟಿಗೆಯೊಳಗೆ ನಾನೂ ಕುಳಿತೆನು. ಅದು ಮುಂದೆ, ಹಿಂದೆ, ಮಗ್ಗುಲಿಗೆ ಸರಿಯಿತು. ಪರದೆ ಮುಗಿದು ಗೋಡೆ ಮೊದಲಾದುದೆಲ್ಲೆಂಬುದೇ ತಿಳಿಯಲಿಲ್ಲ. ಹೆದರಿದೆನೆಂಬುದೂ ನಿಜವೇ!

ಆದರೂ ನನ್ನ ಮತ ಹಳೆಯ ಟ್ರಾಮಿಗೇ. ಅಲ್ಲಿ 'ಜಾಸ್' ಚಿತ್ರದ ಶಾರ್ಕ್ ಬೆಚ್ಚಿಬೀಳಿಸುತ್ತದೆ. ಮುಂಗೋಡೆ ಮಾತ್ರವಿರುವ ಮನೆಗಳೂ ಕಣ್ಣಿಗೆ ಬೀಳುತ್ತವೆ. ಹೊಸತರಲ್ಲಿ ಕೀಲನ್ನು ಮರೆಸುವುದೇ ಕಲೆಯಾಗಿದೆ. ಆ ಪ್ರವಾಸ ಇಂದಿಗೂ ನಡೆಯುತ್ತಿರುವುದರಿಂದ, ಅಮೆರಿಕದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ತಮ್ಮ ಮಕ್ಕಳನ್ನು ಮೊದಲು ಅದಕ್ಕೇ ಹತ್ತಿಸಲೆಂದು ಬಿನ್ನವಿಸುತ್ತೇನೆ.