ಒಣಗದ ಗಿಡ, ಕೊಳೆಯದ ಎಲೆ

ಮಳೆಗಾಲ ಮುಗಿದು ಶಾಲೆಗಳ ವಾರ್ಷಿಕೋತ್ಸವ, ಊರಿನ ಹಬ್ಬ, ಮದುವೆಗಳು ಆರಂಭವಾಗುವ ಹೊತ್ತಿಗೆ ನಮ್ಮ ಪೇಟೆಯ ಅಂಗಡಿಗಳ ಮುಂದೆ ಪ್ಲಾಸ್ಟಿಕ್ ಗಿಡಗಳ ಕುಂಡಗಳು ಸಾಲಾಗಿ ಬಂದು ನಿಲ್ಲುತ್ತವೆ. ನೀರು ಬೇಡ, ಗೊಬ್ಬರ ಬೇಡ, ಬೆಲೆಯೂ ಅಗ್ಗ. ನಮ್ಮ ಸೀಮೆಯ ಶಾಲೆಯೊಂದರ ವೇದಿಕೆಯಲ್ಲಿ ಪರಿಸರ ಗೀತೆ ಹಾಡುತ್ತಿದ್ದ ಮಕ್ಕಳ ಇಕ್ಕೆಲಗಳಲ್ಲೂ ಇಂತಹ ಕುಂಡಗಳನ್ನೇ ಇರಿಸಿದ್ದನ್ನು ಕಂಡಿದ್ದೇನೆ. ವೇದಿಕೆಯ ಹಿಂದೆ ಅಡಿಕೆ ತೋಟ, ಅದರಾಚೆ ಕಾಡು. ಮರುದಿನ ಮುರಿದ ಗಿಡಗಳನ್ನು ದರಕಿನೊಡನೆ ಗುಡ್ಡೆ ಮಾಡಿ ಬೆಂಕಿ ಕೊಟ್ಟರು.

ಮನೆ ಚೆಂದವಾಗಿರಬೇಕೆಂಬ ಆಸೆ ತಪ್ಪಲ್ಲ. ಬಿಸಿಲು ಸುಳಿಯದ ಬಾಡಿಗೆ ಕೋಣೆಯಲ್ಲಿ ಓದುವ ನಮ್ಮ ಹುಡುಗ ಹುಡುಗಿಯರಿಗೆ ಜೀವಂತ ಗಿಡ ಸಾಕುವುದು ಕಷ್ಟವೂ ಹೌದು. ಆದುದರಿಂದ ಕೃತಕ ಗಿಡವೇ ಕೂಡದೆಂದು ನಾವು ಹೇಳುವುದಿಲ್ಲ. ಅದನ್ನು ಯಾವುದರಿಂದ ಮಾಡಿದೆ, ಕೊನೆಗೆ ಅದು ಎಲ್ಲಿಗೆ ಸೇರುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ಕೇಳಬೇಕಾಗಿದೆ.

ಅಂಗಡಿಯ ಗಿಡದ ಎಲೆ ಸಾಮಾನ್ಯವಾಗಿ ಪಾಲಿಥೀನ್ ಅಥವಾ ಪಿವಿಸಿ. ಹೂವಿನ ದಳ ಪಾಲಿಯೆಸ್ಟರ್ ಬಟ್ಟೆ. ಕಾಂಡದೊಳಗೆ ಕಬ್ಬಿಣದ ತಂತಿ. ಕುಂಡದಲ್ಲಿ ಥರ್ಮೋಕೋಲ್ ಇಲ್ಲವೇ ಸಿಮೆಂಟು. ಇಷ್ಟೆಲ್ಲ ಬೆರೆತ ವಸ್ತುವನ್ನು ಬಿಡಿಸಿ ಮರುಬಳಕೆ ಮಾಡುವವರು ಯಾರೂ ಸಿಗುವುದಿಲ್ಲ. ಬಣ್ಣ ಮಾಸಿ, ಧೂಳು ಕೂತು, ಒಂದೆರಡು ವರ್ಷಗಳಲ್ಲಿ ಅದು ಹಳ್ಳಕ್ಕೆ ಅಥವಾ ಬಚ್ಚಲ ಒಲೆಗೆ ಸೇರುತ್ತದೆ. ಶುದ್ಧ ಪಿವಿಸಿಯ ತೂಕದಲ್ಲಿ ಶೇಕಡಾ 57ರಷ್ಟು ಕ್ಲೋರಿನ್ ಇರುತ್ತದೆ. ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಬರುತ್ತದೆ, ಡಯಾಕ್ಸಿನ್‌ಗಳೂ ಉಂಟಾಗುತ್ತವೆ. ಇವು ಮಣ್ಣಿನಲ್ಲಿ, ಪ್ರಾಣಿಗಳ ಕೊಬ್ಬಿನಲ್ಲಿ, ಹಾಲಿನಲ್ಲಿ ದೀರ್ಘಕಾಲ ಉಳಿಯುವ ವಿಷಗಳೆಂದು 2001ರ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಯಲ್ಲಿ ಸೇರಿವೆ. ನೀರು ಕಾಯಿಸಲು ಒಲೆಯ ಮುಂದೆ ಕೂರುವ ತಾಯಂದಿರೂ ಮಕ್ಕಳೂ ಆ ಹೊಗೆಯನ್ನು ಮೊದಲು ಉಸಿರಾಡುತ್ತಾರೆ. 2022ರ ಜುಲೈ 1ರಿಂದ ದೇಶದಲ್ಲಿ ಜಾರಿಗೆ ಬಂದ ನಿಷೇಧದ ಪಟ್ಟಿಯಲ್ಲಿ ಅಲಂಕಾರದ ಥರ್ಮೋಕೋಲ್ ಇತ್ತು. ಪ್ಲಾಸ್ಟಿಕ್ ಗಿಡ ಇರಲಿಲ್ಲ. ಕಾನೂನು ಬಿಟ್ಟುದನ್ನು ವಿವೇಕ ತುಂಬಬೇಕು.

ಇದಕ್ಕೆ ಬದಲಿ ನಮ್ಮ ತೋಟದಲ್ಲಿಯೇ ಬಿದ್ದಿದೆ. ಒಂದು ಅಡಿಕೆ ಮರ ವರ್ಷಕ್ಕೆ ಸುಮಾರು 6-7 ಹಾಳೆಗಳನ್ನು ಉದುರಿಸುತ್ತದೆ. ಮಳೆಗಾಲದಲ್ಲಿ ಅವುಗಳಲ್ಲಿ ನಿಂತ ನೀರು ಸೊಳ್ಳೆಗಳ ತೊಟ್ಟಿಲಾಗುತ್ತದೆ. ಹೊಸದಾಗಿ ಬಿದ್ದ ಹಾಳೆಯನ್ನು ತೊಳೆದು, ಅರ್ಧ ಗಂಟೆ ನೀರಿನಲ್ಲಿ ನೆನೆಸಿದರೆ ಬಟ್ಟೆಯಂತೆ ಬಾಗುತ್ತದೆ. ಎಳೆಗಳು ಉದ್ದಕ್ಕೆ ಬರುವಂತೆ ಕತ್ತರಿಯಿಂದ ಎಲೆಯ ಆಕಾರಕ್ಕೆ ಕತ್ತರಿಸಿ, ಒದ್ದೆಯಿರುವಾಗಲೇ ಬಾಗಿಸಿ, ನೆರಳಿನಲ್ಲಿ ಒಣಗಿಸಿರಿ. ಬಿದಿರಿನ ಕಡ್ಡಿಗೆ ಬಾಳೆನಾರಿನಿಂದ ಕಟ್ಟಿ, ಜೇಡಿಮಣ್ಣು ತುಂಬಿದ ತೆಂಗಿನ ಕರಟದಲ್ಲಿ ನೆಟ್ಟರೆ ಕುಂಡ ಸಿದ್ಧ. ಬಣ್ಣ ಬೇಕೆನಿಸಿದರೆ ಅರಿಶಿನದ ನೀರಿನಲ್ಲಿ ಅದ್ದಬಹುದು. ಬಿಸಿಲಿಗೆ ಅದು ಮಾಸುತ್ತದೆಂಬುದು ನೆನಪಿರಲಿ. ಅಕ್ರಿಲಿಕ್ ಬಣ್ಣ ಬಳಿದರೆ ಪ್ಲಾಸ್ಟಿಕ್ಕನ್ನೇ ಮತ್ತೆ ಲೇಪಿಸಿದಂತೆ. ಆಷಾಢದ ತೇವಕ್ಕೆ ಬೂಷ್ಟು ಹಿಡಿಯದಂತೆ ಒಲೆಯ ಮೇಲಿನ ಅಟ್ಟದಲ್ಲಿ ಇಡಿರಿ. ಹಳತಾದಾಗ ಗೊಬ್ಬರಗುಂಡಿಗೆ ಹಾಕಿರಿ.

ಈ ಕಲೆ ನಮಗೆ ಹೊಸದಲ್ಲ. ಸಾಗರ, ಸೊರಬ, ಶಿರಸಿ ಭಾಗಗಳ ಗುಡಿಗಾರರು ಜೌಗು ನೆಲದ ಬೆಂಡನ್ನು ತೆಳುವಾಗಿ ಸೀಳಿ ಹೂವು, ಬಾಸಿಂಗಗಳನ್ನು ಮಾಡುತ್ತ ಬಂದವರು. ಕೃತಕ ಹೂವು ಹಿಂದೆಯೂ ಇತ್ತು. ಹಬ್ಬ ಮುಗಿದ ಮೇಲೆ ಅದು ಮಣ್ಣಾಗುತ್ತಿತ್ತು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅಲಂಕಾರದ ನೆಪದಲ್ಲಿ ಕಾಡಿನ ಪಾಚಿ, ಜರಿಗಿಡ, ಸೀತಾಳೆ ದಂಡೆಗಳನ್ನು ಕಿತ್ತು ತರಬೇಡಿರಿ. ಮರದ ಮೈಮೇಲೆ ಹತ್ತಾರು ವರ್ಷ ಬೆಳೆದುದನ್ನು ಒಂದು ದಿನದ ವೇದಿಕೆಗೆ ಬಲಿ ಕೊಡುವುದು ಪ್ಲಾಸ್ಟಿಕ್ಕಿಗಿಂತ ಒಳ್ಳೆಯ ದಾರಿಯಲ್ಲ. ತೋಟದಲ್ಲಿ ಉದುರಿದುದು ನಮಗೆ ಸಾಕು. ಅದರಲ್ಲಿಯೂ ದನಗಳಿಗೆ, ಮಣ್ಣಿನ ಹೊದಿಕೆಗೆ ಮೊದಲ ಪಾಲು ಸಲ್ಲಲಿ.

ಮುಂದಿನ ವಾರ್ಷಿಕೋತ್ಸವದ ವೇದಿಕೆಯನ್ನು ನಿಮ್ಮ ಶಾಲೆಯ ಮಕ್ಕಳೇ ಹಾಳೆಯಿಂದ ಸಿಂಗರಿಸಲಿ. ಮರುದಿನ ಬೆಂಕಿ ಹಾಕುವ ಪ್ರಮೇಯವೇ ಬಾರದು.