ದಲ್ಲಾಳಿ ಯಾರ ಕಡೆಯವನು?

ಮನೆ ಕಟ್ಟಲು ಐದು ಸೆಂಟ್ಸ್ ಜಾಗ ಬೇಕು. ಪತಿ ದಮಾಮ್‌ನಲ್ಲೋ ದುಬೈಯಲ್ಲೋ ಇದ್ದಾರೆ. ಜಾಗ ನೋಡುವುದು, ಬೆಲೆ ಮಾತಾಡುವುದು, ಮುಂಗಡ ಕೊಡುವುದು ಎಲ್ಲವೂ ಊರಲ್ಲಿರುವ ಹೆಂಗಸರ ತಲೆಗೇ ಬರುತ್ತದೆ. ಹಣ ಸಾಲದಿದ್ದರೆ ಮಹರ್‌ನ ಚಿನ್ನವೂ ಮಾರಾಟವಾಗುತ್ತದೆ. ಇಷ್ಟೆಲ್ಲ ಒಪ್ಪಿಸಿ ನಾವು ನಂಬುವುದು ಯಾರನ್ನು? "ನೀವು ನನ್ನ ತಂಗಿ ಇದ್ದ ಹಾಗೆ, ನಿಮಗೆ ಮೋಸ ಆಗಲು ಬಿಡುವೆನೇ?" ಎನ್ನುವ ದಲ್ಲಾಳಿಯನ್ನು.

ಆ ಮಾತು ಸುಳ್ಳೆಂದೇ ಹೇಳುತ್ತಿಲ್ಲ. ಆದರೆ ಇದೇ ವ್ಯಕ್ತಿ ಜಾಗದ ಮಾಲಕರಿಗೂ "ನಿಮಗೆ ಒಳ್ಳೆಯ ಬೆಲೆ ತೆಗೆಸಿಕೊಡುತ್ತೇನೆ" ಎಂದು ಮಾತು ಕೊಟ್ಟಿರುತ್ತಾರೆ. ನಮ್ಮಲ್ಲಿ ಎರಡೂ ಕಡೆಯಿಂದ ನೂರಕ್ಕೆ ಒಂದೋ ಎರಡೋ ಕಮಿಶನ್ ಪಡೆಯುವುದು ಸಾಮಾನ್ಯ. ಒಂದೇ ಮೊಕದ್ದಮೆಯಲ್ಲಿ ವಾದಿಗೂ ಪ್ರತಿವಾದಿಗೂ ಒಬ್ಬರೇ ವಕೀಲರು ನಿಂತರೆ ನಾವು ಒಪ್ಪುತ್ತೇವೆಯೇ? ಜಾಗದ ವಿಷಯದಲ್ಲಿ ಮಾತ್ರ ಯಾರೂ ಕೇಳುವುದಿಲ್ಲ. ಅಮೆರಿಕದಲ್ಲಿ ಈ ಗೊಂದಲ ನ್ಯಾಯಾಲಯದವರೆಗೂ ಹೋಯಿತು. 2024ರ ಆಗಸ್ಟ್‌ನಿಂದ ಅಲ್ಲಿನ ಬಹುಪಾಲು ಏಜೆಂಟರು ಮನೆ ತೋರಿಸುವ ಮೊದಲೇ ಖರೀದಿದಾರರೊಂದಿಗೆ ತಮ್ಮ ಸಂಭಾವನೆಯ ಬಗ್ಗೆ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕಾಗಿದೆ.

ದಲ್ಲಾಳಿ ವೃತ್ತಿಯನ್ನು ಇಸ್ಲಾಮ್ ಕೀಳಾಗಿ ಕಂಡಿಲ್ಲ. ಅವರ ಸಂಭಾವನೆಯಲ್ಲಿ ತಪ್ಪಿಲ್ಲವೆಂದ ಹಿರಿಯ ತಾಬಿಈಗಳ ಅಭಿಪ್ರಾಯಗಳನ್ನು ಇಮಾಮ್ ಬುಖಾರಿಯವರು ದಾಖಲಿಸಿದ್ದಾರೆ. "ಇಷ್ಟು ಬೆಲೆಗೆ ಮಾರು, ಮೇಲಿನದು ನಿನಗೆ" ಎಂಬ ಕರಾರಿನಲ್ಲೂ ದೋಷವಿಲ್ಲವೆಂಬ ಇಬ್ನು ಅಬ್ಬಾಸ್(ರ)ರ ಅಭಿಪ್ರಾಯವೂ ಅಲ್ಲಿದೆ. ಇದನ್ನು ತೋರಿಸಿ ಕೆಲವರು ತಮ್ಮ ವ್ಯವಹಾರವನ್ನು ಸಮರ್ಥಿಸುವುದುಂಟು. ಆದರೆ ಅದು ಮಾಲಕರಿಗೂ ದಲ್ಲಾಳಿಗೂ ನಡುವಿನ ಕರಾರು. ಮೇಲಿನ ಹಣವನ್ನೂ ಇಟ್ಟುಕೊಂಡು, ಕೊಳ್ಳುವವಳಿಗೆ "ನಾನು ನಿಮ್ಮ ಕಡೆಯವನು" ಎಂದು ಹೇಳಿ ಅವಳಿಂದಲೂ ಕಮಿಶನ್ ಪಡೆದರೆ ಅದು ಆ ಕರಾರಿನೊಳಗೆ ಬರುತ್ತದೆಯೇ? ಬೆಲೆ ಏರಿದಷ್ಟೂ ಅವನಿಗೇ ಲಾಭವಿರುವಾಗ ಅವಳ ಪರವಾಗಿ ಚೌಕಾಶಿ ಮಾಡುವವರು ಯಾರು? "ನಿನ್ನೆ ಬಂದ ಪಾರ್ಟಿ ಎರಡು ಲಕ್ಷ ಹೆಚ್ಚು ಹೇಳಿದೆ" ಎಂದು ಇಲ್ಲದ ಗಿರಾಕಿಯನ್ನು ಸೃಷ್ಟಿಸುವುದಂತೂ ಪ್ರವಾದಿ(ಸ)ರು ಸ್ಪಷ್ಟವಾಗಿ ನಿಷೇಧಿಸಿದ 'ನಜಶ್'ನ ಸಾಲಿಗೇ ಸೇರುತ್ತದೆ.

ಬೆಲೆಯಲ್ಲಾದ ನಷ್ಟವನ್ನು ಹೇಗೋ ತುಂಬಿಸಬಹುದು. ಇನ್ನೊಂದು ನಷ್ಟ ಅದಕ್ಕಿಂತ ದೊಡ್ಡದು. ತಂದೆ 20 ಸೆಂಟ್ಸ್ ಜಾಗ ಬಿಟ್ಟು ತೀರಿಕೊಂಡಿದ್ದಾರೆ ಎಂದುಕೊಳ್ಳಿ. ವಾರೀಸುದಾರರು ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಮಾತ್ರ. ಶರೀಅತ್ ಪ್ರಕಾರ ಮಗನ ಪಾಲು 10 ಸೆಂಟ್ಸ್, ಹೆಣ್ಣುಮಕ್ಕಳಿಗೆ ತಲಾ 5. ಪಹಣಿಯಲ್ಲೋ ಖಾತೆಯಲ್ಲೋ ಮಗನ ಹೆಸರು ಮಾತ್ರ ಇರುತ್ತದೆ. ಅವನು ಇಡೀ ಜಾಗ ಮಾರುತ್ತಾನೆ. ಸಹೋದರಿಯರು ಸಹಿ ಹಾಕಿಲ್ಲ. ಖಾತೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಅವರ ಹಕ್ಕು ಅಳಿಯುವುದಿಲ್ಲ. ಕೊಂಡವಳಿಗೆ ನಿಜವಾಗಿ ದಕ್ಕುವುದು ಮಾರಿದವನ ಪಾಲು ಮಾತ್ರ. ಉಳಿದದ್ದಕ್ಕೆ ನಾಳೆ ದಾವೆ ಬರಬಹುದು. ಅಷ್ಟೇ ಅಲ್ಲ, ಅವಳು ಮನೆ ಕಟ್ಟಿರುವುದು ಇನ್ನಿಬ್ಬರು ಹೆಂಗಸರ ಹಕ್ಕಿನ ಮೇಲೆ. ಋಣಭಾರ ಪತ್ರದಲ್ಲಿ, ಅಂದರೆ ನಾವು ಇ.ಸಿ. ಎನ್ನುವುದರಲ್ಲಿ ಇದು ಕಾಣಿಸದು. ಅದರಲ್ಲಿ ಬರುವುದು ನೋಂದಣಿಯಾದ ವ್ಯವಹಾರಗಳು ಮಾತ್ರ.

ಊರಿನ ದಲ್ಲಾಳಿಗೆ ಆ ಮನೆಯ ಹೆಣ್ಣುಮಕ್ಕಳನ್ನು ಯಾವ ಊರಿಗೆ ಕೊಟ್ಟಿದ್ದಾರೆಂಬುದೂ ಹೆಚ್ಚಾಗಿ ಗೊತ್ತಿರುತ್ತದೆ. ನಿಮ್ಮ ಕಡೆಯವರಾದರೆ ಅವರೇ ಹೇಳುತ್ತಾರೆ. ಬೇಗ ರಿಜಿಸ್ಟ್ರಿ ಮುಗಿಯಲೆಂದು ಆತುರಪಡುವವರು ಹೇಳಲಿಕ್ಕಿಲ್ಲ. ಮಾರುವ ವಸ್ತುವಿನ ಕುಂದನ್ನು ಮುಚ್ಚಿಟ್ಟರೆ ವ್ಯಾಪಾರದ ಬರಕತ್ ಅಳಿಸಿಹೋಗುತ್ತದೆ ಎಂಬ ಪ್ರವಾದಿ(ಸ)ರ ಎಚ್ಚರಿಕೆ ಕಮಿಶನ್‌ಗೂ ಅನ್ವಯಿಸದೇ ಇದ್ದೀತೇ?

ಕಾನೂನಿನ ರಕ್ಷಣೆ ಇದೆ, ಆದರೆ ಅರ್ಧ ಮಾತ್ರ. 2016ರ ರೇರಾ ಕಾಯ್ದೆಯ ಪ್ರಕಾರ ನೋಂದಾಯಿತ ಬಡಾವಣೆ, ಅಪಾರ್ಟ್‌ಮೆಂಟ್ ಯೋಜನೆಗಳಲ್ಲಿ ಮಾರಾಟ ಮಾಡಿಸುವ ಏಜೆಂಟರು ನೋಂದಣಿ ಮಾಡಿಸಿಕೊಂಡಿರಬೇಕು. ಸುಳ್ಳು ಮಾಹಿತಿ ಕೊಡುವಂತಿಲ್ಲ. ಒಬ್ಬರಿಂದ ಇನ್ನೊಬ್ಬರು ಕೊಳ್ಳುವ ಊರಿನ ಐದು ಸೆಂಟ್ಸ್ ಜಾಗ ಇದರ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ನಾವೇ ಕೇಳಬೇಕು.

ಏನು ಕೇಳಬೇಕು? ಜಾಗ ನೋಡಲು ಹೊರಡುವ ಮೊದಲೇ, "ನಿಮಗೆ ಮಾಲಕರಿಂದ ಎಷ್ಟು ಸಿಗುತ್ತದೆ? ನಮ್ಮಿಂದ ಎಷ್ಟು?" ಎಂದು ಕೇಳಿ ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕುರ್‌ಆನ್ ಆದೇಶಿಸಿರುವಾಗ ಇದರಲ್ಲಿ ಸಂಕೋಚವೇಕೆ? ಮೂಲಪತ್ರವನ್ನೇ ನೋಡಿ, ಜೆರಾಕ್ಸ್ ಅಲ್ಲ. ಜಾಗ ಪಿತ್ರಾರ್ಜಿತವಾಗಿದ್ದರೆ ವಾರೀಸುದಾರರೆಲ್ಲರ ಸಹಿ ಇಲ್ಲದೆ ಮುಂಗಡ ಬೇಡ. ದಾಖಲೆ ಓದಲು ದಲ್ಲಾಳಿಯೇ ಕರೆತಂದ ವಕೀಲರಲ್ಲದೆ, ನೀವೇ ಫೀಸು ಕೊಡುವ ಬೇರೊಬ್ಬರಿರಲಿ.

ನಮ್ಮ ಕಡೆಯದೂ ಒಂದು ಮಾತಿದೆ. ಜಾಗ ತೋರಿಸಿದವರನ್ನು ಬದಿಗಿಟ್ಟು, ಕಮಿಶನ್ ಉಳಿಸಲು ರಾತ್ರಿ ನೇರವಾಗಿ ಮಾಲಕರ ಮನೆಗೆ ಹೋಗುವವರು ಕಡಿಮೆಯೇನಿಲ್ಲ. ಅವರ ನಡೆದಾಟದ ಕೂಲಿ ಅದು. ಒಪ್ಪಿದ್ದನ್ನು ರಿಜಿಸ್ಟ್ರಿಯ ದಿನವೇ, ಅವರು ಎರಡನೇ ಸಲ ಕೇಳುವ ಮೊದಲು ಕೊಟ್ಟುಬಿಡಿ.