ಎದುರು ಮಾತು ಬೇಕು ಮಾರಾಯ್ರೆ

ನಿನ್ನೆಯಿಂದ ಮಳೆ ಸ್ವಲ್ಪ ಹೊಳವಾಗಿದೆ. ಕೊಳೆಗೆ ಎರಡನೇ ಔಷಧಿ ಹೊಡೆಸೋಕೆ ಎಲ್ಲರೂ ಓಡಾಡ್ತಾ ಇದ್ದೀರಿ, ನಾನೂ ಅದೇ ಗಡಿಬಿಡೀಲಿ ಇದ್ದೀನಿ. ಆದರೆ ಪ್ರತಿ ವರ್ಷ ಈ ಹೊತ್ತಿಗೆ ಒಂದು ವಿಷಯ ಮನಸ್ಸು ಕೊರೀತದೆ. ಇವತ್ತು ಬರೆದೇ ಬಿಡ್ತೀನಿ.

ಮೂರು ವರ್ಷದ ಹಿಂದೆ ನಮ್ಮೂರ ರೈತರ ಸಭೇಲಿ ನನ್ನನ್ನ ಮಾತಾಡಿ ಅಂದ್ರು. ಅದಕ್ಕೂ ಹಿಂದೆ ಎರಡು ಮೂರು ವರ್ಷ ನನ್ನ ಎರಡು ಎಕರೆ ತೋಟಕ್ಕೆ ಕೊಳೆ ಬಂದಿರಲಿಲ್ಲ. ಸರಿ, ಎದ್ದು ನಿಂತು ಹೇಳಿದೆ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯೋ ಮೊದಲೇ ಹೊಡೆಸಿ. ಒಂದೇ ಸಲ ಸಾಕು, ಎರಡನೇದು ದುಡ್ಡು ದಂಡ ಅಂತಾನೂ ಅಂದೆ. ಚಪ್ಪಾಳೆ ಹೊಡೆದ್ರು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಅಷ್ಟೊತ್ತಿಗೆ ಯಾರೋ "ಊಟಕ್ಕೆ ಏಳಿ" ಅಂದ್ರು, ಸಭೆ ಮುಗೀತು.

ಪಕ್ಕದ ತೋಟದ ಹುಡುಗ ನನ್ನ ಮಾತು ನಂಬಿ ಒಂದೇ ಸಲ ಹೊಡೆಸಿದ. ಪುಷ್ಯ ಮಳೇಲಿ ಅವನ ತೋಟದಲ್ಲಿ ಕಾಯಿ ಉದುರೋಕೆ ಶುರುವಾಯ್ತು. ನನಗೆ ಗೊತ್ತಾಗಿದ್ದು ಕೊನೆ ಕೊಯ್ಲಿನ ಹೊತ್ತಿಗೆ, ಅವನ ಅಂಗಳ ನೋಡಿದಾಗ.

"ಏನೋ ತಮ್ಮ, ಇಷ್ಟೇ ಕೊನೆಯಾ?"

"ಕೊಳೆ ಬಂತು ಅಣ್ಣ."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀವು ಅಷ್ಟು ಜನರ ಮುಂದೆ ಹೇಳಿದ್ರಿ. ನನಗೆ ಆಗ್ಲಿಲ್ಲ ಅಂದ್ರೆ ನಿಮಗೆ ಬೇಜಾರಾಗ್ತದೆ ಅಂತ ಸುಮ್ನಾದೆ."

ಆ ವರ್ಷ ಅವನು ಸೊಸೈಟಿ ಸಾಲಕ್ಕೆ ಬಡ್ಡಿ ಮಾತ್ರ ಕಟ್ಟಿದ.

ನಾವು ಮಾತಾಡ್ತಿದ್ದಾಗ ಅವನ ಅಮ್ಮ ಕವಳದ ತಟ್ಟೆ ತಂದಿಟ್ಟು ಒಂದೇ ಮಾತು ಕೇಳಿದ್ರು: "ನಿಮ್ಮನೆ ಸುಣ್ಣ ಯಾವಾಗಿಂದು?" ಅಲ್ಲಿಗೆ ನನ್ನ ಕಣ್ಣು ತೆರೀತು. ನಾನು ಪ್ರತಿ ಸಲ ಸುಟ್ಟ ಸುಣ್ಣದ ಕಲ್ಲು ತಂದು ಹೊಸದಾಗಿ ನೀರು ಹಾಕಿ ಅರಳಿಸ್ತೀನಿ. ಅವರದ್ದು ಹಿಂದಿನ ವರ್ಷ ಬಾಯಿ ಬಿಚ್ಚಿಟ್ಟ ಚೀಲ. ಗಾಳಿ ತಾಗಿದ ಹಳೇ ಸುಣ್ಣಕ್ಕೆ ಕಸುವಿರಲ್ಲ, ದ್ರಾವಣ ಹದಕ್ಕೆ ಬರಲ್ಲ. ನಾನು ಮೈಲುತುತ್ತದ ನೀರನ್ನ ಸುಣ್ಣದ ನೀರಿಗೆ ಹೊಯ್ತೀನಿ, ತಿರುಗಾಮುರುಗಾ ಮಾಡಲ್ಲ. ಕಬ್ಬಿಣದ ಕತ್ತಿ ಅದ್ದಿ ನೋಡ್ತೀನಿ, ಅಲಗು ತಾಮ್ರದ ಬಣ್ಣಕ್ಕೆ ತಿರುಗಿದ್ರೆ ಇನ್ನಷ್ಟು ಸುಣ್ಣ ಸೇರಿಸ್ತೀನಿ. ಇದ್ಯಾವುದನ್ನೂ ಸಭೇಲಿ ಹೇಳಿರಲಿಲ್ಲ. ಮುಚ್ಚಿಟ್ಟಿದ್ದಲ್ಲ, ಕೈಗೆ ಅಭ್ಯಾಸವಾಗಿದ್ದು ಬಾಯಿಗೆ ಬರಲಿಲ್ಲ ಅಷ್ಟೆ. ಇನ್ನೊಂದು, ನನ್ನ ತೋಟ ಗಾಳಿ ಬಿಸಿಲು ಬೀಳೋ ಇಳಿಜಾರು. ಅವನದ್ದು ಮಂಜು ಕೂರೋ ಹೊಂಡ. ಒಂದೇ ಸಲಕ್ಕೆ ನನಗೆ ಆಗಿದ್ದು ಜಾಗದ ಪುಣ್ಯ, ನನ್ನ ಜಾಣತನ ಅಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಒಬ್ಬ ರೈತ ಹೇಳೋ ಅನುಭವ ಅರ್ಧ ಮಾತ್ರ. ತಾನು ಏನು ಬಿಟ್ಟೆ ಅಂತ ಹೇಳೋನಿಗೆ ಗೊತ್ತಿರಲ್ಲ. ಉಳಿದರ್ಧ ಇರೋದು ಕೇಳೋರ ಪ್ರಶ್ನೇಲಿ, ಮಾಡಿ ನೋಡಿದೋರ ಮಾತಲ್ಲಿ.

ಈ ಬೋರ್ಡೋ ದ್ರಾವಣ ಹುಟ್ಟಿದ್ದೂ ಒಂದು ಪ್ರಶ್ನೆಯಿಂದ. ಫ್ರಾನ್ಸಿನ ಬೋರ್ಡೋ ಸೀಮೇಲಿ ದಾರಿಹೋಕರು ದ್ರಾಕ್ಷಿ ಕೀಳಬಾರದು ಅಂತ ದಾರಿ ಬದಿಯ ಬಳ್ಳಿಗೆ ಮೈಲುತುತ್ತ, ಸುಣ್ಣ ಎರಚ್ತಿದ್ರು. 1882ರಲ್ಲಿ ಮಿಲಾರ್ಡೆ ಅನ್ನೋ ಪ್ರೊಫೆಸರ್ ಆ ಬಳ್ಳಿಗಳಲ್ಲಿ ಮಾತ್ರ ಬೂಜು ರೋಗ ಇಲ್ಲದ್ದು ನೋಡಿ, ಇದಕ್ಕೇನು ಹಾಕಿದ್ರಿ ಅಂತ ತೋಟದೋರನ್ನೇ ಕೇಳಿದ್ರು. ಆಮೇಲೆ ಪರೀಕ್ಷೆ ಮಾಡಿ 1885ರಲ್ಲಿ ಪ್ರಕಟಿಸಿದ್ರು. ಪ್ರೊಫೆಸರು ರೈತರನ್ನ ಕೇಳೋಕೆ ನಾಚಿಕೊಂಡಿದ್ರೆ? ನಮ್ಮ ಪುತ್ತೂರಿನ ಅಡಿಕೆ ಪತ್ರಿಕೆಯೂ 1988ರಿಂದ ರೈತರ ಕೈಯಿಂದಲೇ ಬರೆಸ್ತಾ ಬಂದಿದೆ. ಓದಿದೋರು ಬರೆದೋರನ್ನೇ ವಿಚಾರಿಸಿ, ತೋಟಕ್ಕೆ ಹೋಗಿ ನೋಡಿ ಬರೋ ಅಭ್ಯಾಸ ಎಷ್ಟೋ ಜನಕ್ಕೆ ಅದರಿಂದ ಬಂತು.

ಎಲ್ಲ ಎದುರು ಮಾತೂ ಒಳ್ಳೇದು ಅಂತ ನಾನು ಹೇಳ್ತಿಲ್ಲ. ಕೊಂಕು ಮಾತಾಡೋರು, ಮಾಡಿ ನೋಡದೆ "ಅದೆಲ್ಲ ಆಗೋ ಹೋಗೋ ಕೆಲಸ ಅಲ್ಲ" ಅನ್ನೋರು ಊರ ತುಂಬ ಇದ್ದಾರೆ. ಅಂಥ ಮಾತಿಂದ ಪ್ರಯೋಜನ ಇಲ್ಲ. ಬರೀ "ಸೂಪರ್" ಅನ್ನೋದರಿಂದಲೂ ಇಲ್ಲ. ಯಾವ ಜಾಗ, ಯಾವ ಮಳೇಲಿ ಹೊಡೆಸಿದ್ದು, ಎಷ್ಟು ಹಾಕಿದ್ದು, ಏನಾಯ್ತು, ಇಷ್ಟು ಹೇಳಿದ್ರೆ ಅದು ಮಾತು. ಸಭೆ ನಡೆಸೋರಿಗೂ ಒಂದು ವಿನಂತಿ: ಭಾಷಣಕ್ಕೆ ಅರ್ಧ ಹೊತ್ತು ಕೊಡಿ, ಪ್ರಶ್ನೆಗೆ ಅರ್ಧ ಹೊತ್ತು ಇಡಿ. ಊಟ ಸ್ವಲ್ಪ ತಡವಾದ್ರೆ ಏನೂ ಆಗಲ್ಲ. ಕೈಸುಟ್ಟುಕೊಂಡೋರನ್ನ ಮೊದಲು ಮಾತಾಡಿಸಿ.

ಈಗ ನಾನೂ 40-45 ದಿನದ ಅಂತರದಲ್ಲಿ ಎರಡು ಸಲ ಹೊಡೆಸ್ತೀನಿ. ಪಕ್ಕದ ಹುಡುಗ ಮತ್ತೆ ನಾನು ಸುಣ್ಣ ಒಟ್ಟಿಗೇ ತರ್ತೀವಿ. ಈ ಸಲ ದ್ರಾವಣ ಕಲಸುವಾಗ "ಅಣ್ಣ, ಇನ್ನೊಂದು ಸಲ ಕತ್ತಿ ಅದ್ದಿ ನೋಡಿ" ಅಂದ. ಅದ್ದಿದೆ, ಅಲಗು ಸ್ವಲ್ಪ ಕೆಂಪಾಗಿತ್ತು. ಸುಣ್ಣ ಸೇರಿಸಿದ್ವಿ.

ನನ್ನಿಂದ ಕೇಳಿ ಮಾಡಿ ನಷ್ಟ ಆಗಿದ್ರೆ ದಯವಿಟ್ಟು ನನಗೆ ಹೇಳಿ. ಬೇಜಾರಾಗ್ತದೆ, ನಿಜ. ಆದರೆ ಅದರಿಂದ ಇನ್ನೊಬ್ಬರ ಕಾಯಿ ಉಳೀತದೆ.